ರನ್ನಿಂಗ್ ಲೈನಿನ ನಕ್ಷೆ

ನಿಜಾಮರ ಲೆಕ್ಕದ ಫಸಲಿ 1339, ಅಂದರೆ 1929ರ ಕೊನೆ, ಬಹಮನ್ ತಿಂಗಳ 23ನೇ ತಾರೀಖು. ಎಳ್ಳ ಅಮಾವಾಸ್ಯೆಗೆ ಮೂರು ದಿನ ಉಳಿದಿತ್ತು. ಬೆಳಿಗ್ಗೆ ಒಂಬತ್ತೂಕಾಲಿಗೆ ಜಹೀರಾಬಾದ್ ಠಾಣೆಯ ಅಂಗಳಕ್ಕೆ ಇಬ್ಬರು ಬಂದರು. ಒಬ್ಬ ಇನ್ನೊಬ್ಬನ ರಟ್ಟೆ ಹಿಡಿದಿದ್ದ. ಹಿಡಿದವನು ಕಲ್ಯಾಣಪ್ಪ, ಹೊಸ ರೈಲು ಹಳಿ ಹಾಕಿಸುತ್ತಿದ್ದ ಇಂಗ್ಲಿಷ್ ಇಂಜಿನಿಯರ್ ಹಾರ್ಟ್ಲಿ ಸಾಹೇಬರ ಗುಮಾಸ್ತ. ಹಿಡಿಸಿಕೊಂಡವನು ದಶರಥ, ಅದೇ ಸಾಹೇಬರ ಡೇರೆಯ ಆಳು.

ಅಮೀನ್ ಆತ್ಮಾರಾಮ ಆಗ ಎರಡನೇ ಕಪ್ಪು ಚಹಾಕ್ಕೆ ಕೈ ಹಾಕಿದ್ದರು. ನಿಜಾಮರ ಪೊಲೀಸಿನಲ್ಲಿ ಅಮೀನ್ ಎಂದರೆ ಠಾಣೆಯ ಇನ್‌ಸ್ಪೆಕ್ಟರ್. ಈ ಅಮೀನರಿಗೆ ತೂಕ ಹೆಚ್ಚು, ಅವಸರ ಕಡಿಮೆ. ಠಾಣೆಯ ಕಟ್ಟೆ ಇಳಿದರೆ ಅವರ ಪಾಲಿಗೆ ಅದು ಪರವೂರು. ಆದರೆ ಕೂತಲ್ಲೇ ಅವರು ಬಿಡಿಸಿದ ಪ್ರಕರಣಗಳು ಓಡಾಡುವ ಅಮೀನರು ಬಿಡಿಸಿದ್ದಕ್ಕಿಂತ ಜಾಸ್ತಿ ಎಂದು ಜಿಲ್ಲೆಯಲ್ಲೇ ಮಾತಿತ್ತು.

“ಏನ್ ಕಳುವು?”

“ಸಾಹೇಬರ ನಕ್ಷಿ ಪುಸ್ತಕ ರಿ. ರನ್ನಿಂಗ್ ಲೈನಿನ ನಕ್ಷಿ. ಈತನೇ ಕದ್ದಾನ,” ಅಂದ ಕಲ್ಯಾಣಪ್ಪ.

“ನೀವು ನೋಡೀರಿ?”

“ನೋಡಿಲ್ಲರಿ. ಆದ್ರ ಡೇರೇದಾಗ ಹೋಗಿ ಬರಾಂವ ಈತ ಒಬ್ಬನೇ.”

“ನೀವು ಹೋಗೂದಿಲ್ಲೇನು?”

ಕುಂಬಳಕಾಯಿ ಕಳ್ಳನ ಹಾಗೆ ಕಲ್ಯಾಣಪ್ಪ ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ. ಧೋತರದ ಚುಂಗು ಮಾತ್ರ ಎರಡು ಸಲ ಸರಿಮಾಡಿಕೊಂಡ.

ಅಮೀನರು ದಶರಥನ ಕಡೆ ತಿರುಗಿದರು. “ನೀ ಏನಂತಿ?”

“ನಾ ಕದ್ದಿಲ್ಲರಿ. ಬೆಳಿಗ್ಗೆ ಆರಕ್ಕ ಸಾಹೇಬ್ರು ಓಡಾಕ ಹೋದ್ರು, ನಾ ನೀರಿಗೆ ಹೋದೆ. ಹೊಳ್ಳಿ ಬರೂದ್ರಾಗ ಪುಸ್ತಕ ಇಲ್ಲ.” ಅವನು ಕೈ ಮುಗಿದ. “ತಾಂಡೂರ ಸ್ಟೇಷನ್ನಿನಾಗ ನನಗ ಹಳಿ ಬದಲಿಸೋ ಪಾಯಿಂಟ್ಸ್‌ಮನ್ ನೌಕರಿಗೆ ಸಾಹೇಬ್ರು ಚಿಠ್ಠಿ ಕೊಡೋರಿದ್ರು. ಅಮಾಸಿ ದಿನ ಸಂಜಿ ನಾಕಕ್ಕ ಅವರು ವಿಲಾಯತಿಗೆ, ತಮ್ಮ ಊರಿಗೆ ಹೊಂಟಾರ. ಅಷ್ಟ್ರಾಗ ಪುಸ್ತಕ ಸಿಗಲಿಲ್ಲಂದ್ರ ಚಿಠ್ಠಿನೂ ಇಲ್ಲ, ನೌಕರಿನೂ ಇಲ್ಲ, ಕಳ್ಳ ಅಂತ ಹೆಸರು ಮಾತ್ರ ಉಳೀತದ.”

ಮೂರು ವರ್ಷ ಡೇರೆಯ ಗೂಟ ಬಡಿದು, ನೀರು ಹೊತ್ತು, ಬೂಟು ಒರೆಸಿ ಗಳಿಸಿದ್ದ ಚಿಠ್ಠಿ ಅದು. ಅಮೀನರು ಚಹಾ ಕೆಳಗಿಟ್ಟರು. ಠಾಣೆಯ ಮುನ್ಷಿ ಎಫ್‌ಐಆರ್ ಬರೆದ. ಕಳುವಾದ ವಸ್ತು: ಹಸಿರು ಕ್ಯಾನ್‌ವಾಸ್ ರಟ್ಟಿನ ನೋಟ್‌ಬುಕ್ ಒಂದು. ಶಂಕಿತ: ದಶರಥ. ಬೆಲೆಯ ಕಾಲಂ ಖಾಲಿ ಉಳಿಯಿತು, ಏಕೆಂದರೆ ಅದರ ಬೆಲೆ ಎಷ್ಟೆಂದು ಬಂದ ಇಬ್ಬರಿಗೂ ತಿಳಿದಿರಲಿಲ್ಲ.

ಡೇರೆ ಇದ್ದದ್ದು ಊರಿನಿಂದ ಮೂರು ಮೈಲಿ, ಝರಾಸಂಗದ ದಾರಿಯಲ್ಲಿ, ಒಂದು ಕೆಂಪು ದಿಣ್ಣೆಯ ಮೇಲೆ. ಅಮೀನರು ತಟ್ಟು ಕುದುರೆ ಏರಿ ಹೊರಟರು. ಪೊಲೀಸ್ ಜವಾನರು ಹಣಮಯ್ಯ, ಭೀಮಶಾ, ಜೊತೆಗೆ ಮುನ್ಷಿ, ಕಲ್ಯಾಣಪ್ಪ, ದಶರಥ ನಡೆದು ಬಂದರು. ಹಣಮಯ್ಯನಿಗೆ ನೆಲದ ಮೇಲಿನ ಹೆಜ್ಜೆ ಓದಲು ಬರುತ್ತಿತ್ತು. ಭೀಮಶಾನಿಗೆ ಗಾಳಿಯಲ್ಲಿನ ಒಗ್ಗರಣೆ ಓದಲು ಬರುತ್ತಿತ್ತು.

ಹನ್ನೊಂದೂವರೆಗೆ ಸಾಹೇಬರೇ ಡೇರೆಯ ಬಾಗಿಲಿಗೆ ಬಂದು ನಿಂತರು. ಆರಡಿ ಎತ್ತರ, ಬಿಸಿಲಿಗೆ ಬೆಂದ ಮೂಗು.

“ಬಾ ಲೇ ಅಮೀನ. ಕುಂದ್ರು ಲೇ,” ಅಂದರು ಸಾಹೇಬರು, ಬಹಳ ಗೌರವದಿಂದ.

ಭೀಮಶಾ ಕೆಮ್ಮಿದ. ಹಣಮಯ್ಯ ಆಕಾಶ ನೋಡಿದ. ಹಾರ್ಟ್ಲಿ ಸಾಹೇಬರು ಕನ್ನಡ ಕಲಿತದ್ದು ಹಳಿ ಹೊರುವ ಗ್ಯಾಂಗಿನವರಿಂದ. ಆ ಗ್ಯಾಂಗಿನಲ್ಲಿ ಬಹುವಚನ ಬಳಕೆಯಲ್ಲಿರಲಿಲ್ಲ. ಮೂರು ವರ್ಷದಲ್ಲಿ ಅವರನ್ನು ತಿದ್ದುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಅಮೀನರಿಗೂ ಬರಲಿಲ್ಲ, ಕೂತರು.

“ಪುಸ್ತಕದ ಕಿಮ್ಮತ್ತು ಎಷ್ಟರಿ?”

“ಅದಕ್ಕ ಬೆಲಿ ಇಲ್ಲ ಲೇ.”

ಮುನ್ಷಿ ಬೆಲೆಯ ಕಾಲಂನಲ್ಲಿ ‘ಸೊನ್ನೆ’ ಎಂದು ಬರೆದುಬಿಟ್ಟ. ಸೊನ್ನೆ ಬೆಲೆಯ ವಸ್ತು ಹೋದರೆ ಅದು ಕಳುವೇ ಅಲ್ಲ, ಪ್ರಕರಣ ನಿಲ್ಲುವುದಿಲ್ಲ. ಸಾಹೇಬರು ಎದೆ ಮುಟ್ಟಿಕೊಂಡದ್ದನ್ನು ನೋಡಿದ ಅಮೀನರು ಅವನ ಕೈಯಿಂದ ಲೇಖನಿ ತೆಗೆದುಕೊಂಡು ಸೊನ್ನೆಯನ್ನು ಹೊಡೆದುಹಾಕಿದರು.

ಪಂಚನಾಮೆ ನಡೆಯಿತು. ಮೇಜಿನ ಮೇಲೆ ಬಂಗಾರದ ಗಡಿಯಾರ ಇದ್ದಲ್ಲೇ ಇತ್ತು, ಬೆಳ್ಳಿಯ ಸಿಗರೇಟು ಡಬ್ಬಿಯೂ ಇತ್ತು. ಪುಸ್ತಕವಿದ್ದ ಜಾಗದಲ್ಲಿ ಒಂದು ಬಿಳಿ ಅರಿವೆಯ ಗಂಟು. ಬಿಚ್ಚಿದರೆ ಎಳ್ಳು ಹಚ್ಚಿದ ಎರಡು ಸಜ್ಜೆ ರೊಟ್ಟಿ. ದಶರಥ ಇಟ್ಟಿದ್ದಾನೆಂದು ಸಾಹೇಬರು ತಿಳಿದಿದ್ದರು, ಸಾಹೇಬರಿಗೆ ಯಾರೋ ಕೊಟ್ಟದ್ದೆಂದು ದಶರಥ ತಿಳಿದಿದ್ದ. ಎರಡೂ ರೊಟ್ಟಿಯ ಅಂಚಿನಲ್ಲಿ ಹೆಬ್ಬೆರಳಿನಷ್ಟು ಚೂರು ಮುರಿದಿತ್ತು.

ಅಮೀನರು ಭೀಮಶಾನ ಕಡೆ ನೋಡಿದರು.

“ನಾ ಮುಟ್ಟಿಲ್ಲರಿ. ಮೊದಲೇ ಹಂಗ ಇತ್ರಿ.”

“ಎರಡೂ?”

“ಎರಡೂರಿ. ನಾ ತಿನ್ನಾಂವ ಇದ್ರ ಬರೇ ಚೂರು ಮುರೀತಿದ್ದೆನ್ರಿ?”

ಈ ಮಾತಿನಲ್ಲಿ ಸತ್ಯವಿತ್ತು. ಪಂಚನಾಮೆಯಲ್ಲಿ ‘ರೊಟ್ಟಿ ಎರಡು, ಅಂಚು ಚಿವುಟಿದ್ದು’ ಎಂದು ದಾಖಲಾಯಿತು. ಡೇರೆಯ ಹಿಂದಿನ ಕೆಂಪು ಧೂಳಿನಲ್ಲಿ ಹಣಮಯ್ಯ ಹೆಜ್ಜೆ ಹುಡುಕಿದ. ಬರಿಗಾಲು, ಚಿಕ್ಕದು, ಪಕ್ಕದಲ್ಲಿ ಸೀರೆಯಂಚು ಧೂಳು ಸವರಿದ ಗೆರೆ. ದನದ ಹಾದಿ ಬಂದೊಡನೆ ಹೆಜ್ಜೆ ಗೊರಸಿನಡಿ ಅಳಿದುಹೋಗಿತ್ತು.

“ಹೆಣ್ಮಗಳು ರಿ. ಅವಸರ ಇಲ್ಲ, ಸಾವಕಾಶ ನಡದಾಳ.”

ಕದ್ದ ವಸ್ತುವಿಗೆ ಬದಲು ರೊಟ್ಟಿ ಇಟ್ಟು, ಸಾವಕಾಶ ನಡೆದುಹೋದ ಕಳ್ಳಿ. ಅಮೀನರ ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಇಂಥದ್ದು ಬಂದಿರಲಿಲ್ಲ. ಅವರಿಗೆ ಖುಷಿಯಾಯಿತು.

“ಆ ಪುಸ್ತಕದಾಗ ಏನಿತ್ರಿ?” ಎಂದು ಸಾಹೇಬರನ್ನು ಕೇಳಿದರು.

ಸಾಹೇಬರು ಹೇಳಿದ್ದನ್ನು ಅವರ ಕನ್ನಡದಲ್ಲೇ ಬರೆದರೆ ಓದುವವರು ನಗುತ್ತಾರೆ, ಆದ್ದರಿಂದ ಸಾರಾಂಶ ಇಷ್ಟು. ಅವರ ಊರು ಇಂಗ್ಲೆಂಡಿನ ಗುಡ್ಡಗಾಡು. ಗುಡ್ಡವೆಂದರೆ ಬಂಡೆಯ ಗುಡ್ಡವಲ್ಲ, ಹುಲ್ಲು ಹೊದ್ದ ಮೆತ್ತನೆ ಏರಿಳಿವು. ಹೊಲದಿಂದ ಹೊಲಕ್ಕೆ ಬೇಲಿ ದಾಟಲು ಮರದ ಮೆಟ್ಟಿಲು, ಆಚೆ ಬೀಚ್ ಮರಗಳ ಅಡವಿ, ಚೈತ್ರದ ಸುಮಾರಿಗೆ ಆ ಅಡವಿಯ ನೆಲದ ತುಂಬ ನೀಲಿ ಹೂವು. ಚಿಕ್ಕಂದಿನಲ್ಲಿ ಅಕ್ಕ ತಮ್ಮ ಇಬ್ಬರೂ ಅಲ್ಲಿ ಓಡುತ್ತಿದ್ದರು. ಓಡಿದ ಪ್ರತಿ ದಾರಿಯನ್ನೂ ಅಕ್ಕ ಒಂದು ಪುಸ್ತಕದಲ್ಲಿ ಬಣ್ಣದಲ್ಲಿ ಬರೆದಳು. ತಮ್ಮ ಹಡಗು ಹತ್ತುವಾಗ ಅರ್ಧ ತುಂಬಿದ ಆ ಪುಸ್ತಕ ಕೊಟ್ಟು, ಉಳಿದ ಅರ್ಧ ನೀನು ತುಂಬಿಸಿಕೊಂಡು ಬಾ ಅಂದಿದ್ದಳು. ಹನ್ನೊಂದು ವರ್ಷವಾಯಿತು. ಜಹೀರಾಬಾದಿಗೆ ಬಂದಾಗ ಸಾಹೇಬರು ಬೆರಗಾದರು. ಅದೇ ಏರು, ಅದೇ ಇಳುವು, ಅದೇ ತರಹ ದಿಣ್ಣೆಯ ಮಗ್ಗುಲಲ್ಲಿ ಅಡವಿ, ಬಣ್ಣ ಮಾತ್ರ ಹಸಿರಿನ ಬದಲು ಕೆಂಪು. ಅವರು ಓಡಿದರು, ಓಡಿದ್ದನ್ನು ಬರೆದರು. ಆಲದ ಮರಕ್ಕೆ ಪುಟ್ಟ ಮರದ ಚಿತ್ರ, ಕೆರೆಗೆ ಅಲೆ, ಗುಡಿಗೆ ಶಿಖರ.

“ನೀವು ದಿನಾ ಯಾಕ ಓಡ್ತೀರಿ? ಯಾರರೇ ಬೆನ್ನ ಹತ್ತಿರತಾರೇನು?”

“ಯಾರೂ ಇಲ್ಲ. ಸುಮ್ಮ.”

ಅಮೀನರು ಡೈರಿಯಲ್ಲಿ ಬರೆದರು: ‘ಫಿರ್ಯಾದಿದಾರರು ಪ್ರತಿದಿನ ಆರು ಮೈಲಿ ಓಡುತ್ತಾರೆ. ಕಾರಣ: ಸುಮ್ಮನೆ.’ ಬರೆದ ಮೇಲೆ ಆ ಸಾಲನ್ನು ಸ್ವಲ್ಪ ಹೊತ್ತು ನೋಡಿ, ಕಲ್ಯಾಣಪ್ಪನನ್ನು ಕರೆದರು.

“ರನ್ನಿಂಗ್ ಲೈನ್ ಅಂದ್ರ ಏನ್ರಿ ಗುಮಾಸ್ತರ?”

“ರೈಲ್ವೇದಾಗ ಗಾಡಿ ಓಡೋ ಮುಖ್ಯ ಹಳಿಗೆ ಹಂಗ ಅಂತಾರ್ರಿ.”

“ಪುಸ್ತಕದ ಮ್ಯಾಲ ಹಂಗೇ ಬರೆದಿತ್ತು?”

“ರನ್ನಿಂಗ್ ಅಂತ ಬರೆದಿತ್ರಿ. ಅದರ ಮುಂದಿನ ಮಾತು ನನಗ ಓದಾಕ ಬರಲಿಲ್ಲ. ಲೈನೇ ಇರಬೇಕಂತ ತಿಳ್ಕೊಂಡೆ.”

“ಯಾರಿಗೆ ಹೇಳೀರಿ?”

“ಯಾರಿಗೂ ಇಲ್ಲರಿ. ಕೂಲಿ ಮಂದಿ ಕೇಳಿದ್ರು, ಅವರಿಗೆ ಹೇಳೀನಿ. ಮತ್ತ ಒಂದೆರಡು ಸಲ ಸಂತ್ಯಾಗ.”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಗುಮಾಸ್ತನ ಬಾಯಿಂದ ಹೊರಟ ಸುದ್ದಿ ಆರು ಹಳ್ಳಿ ತಿರುಗಿ ಹೀಗಾಗಿತ್ತು: ಓಡೋ ಸಾಹೇಬ ನಸುಕಿನಲ್ಲಿ ಓಡುವುದು ನೆಲ ಅಳೆಯಲು. ಅವನ ಕಾಲು ಬಿದ್ದಲ್ಲೆಲ್ಲ ಹಳಿ ಬೀಳುತ್ತದೆ. ಸಂಜೆ ಕೂತು ಅದನ್ನು ಪುಸ್ತಕದಲ್ಲಿ ಬರೆಯುತ್ತಾನೆ, ಬರೆದದ್ದನ್ನು ನಿಜಾಮ ಸರ್ಕಾರ ಮಂಜೂರು ಮಾಡುತ್ತದೆ.

ಅಂದು ಡೇರೆಗೆ ಭೀಮಶಾನ ಕಾವಲು ಹಾಕಿ ಅಮೀನರು ಊರಿಗೆ ಮರಳಿದರು. ದಶರಥನನ್ನು ಕೋಣೆಗೆ ಹಾಕಲಿಲ್ಲ, ಠಾಣೆಯ ಕಟ್ಟೆಯ ಮೇಲೆ ಕೂರಿಸಿದರು. ಅವನು ಸುಮ್ಮನೆ ಕೂರಲಾರದೆ ಅಂಗಳ ಗುಡಿಸಿದ.

24ನೇ ತಾರೀಖು, ಬೆಳಿಗ್ಗೆ ಆರು. ಸಾಹೇಬರು ತಮ್ಮ ದಾರಿ ತೋರಿಸಲು ಓಡಿದರು, ಹಣಮಯ್ಯ ರುಮಾಲು ಬಿಗಿದು ಅವರ ಹಿಂದೆ ಓಡಿದ, ಅವನ ಹಿಂದೆ ಅಮೀನರ ತಟ್ಟು. ಕಡಲೆ ಹೊಲದ ಮೇಲೆ ಇಬ್ಬನಿ ಇತ್ತು. ತೊಗರಿ ಹೂಬಿಟ್ಟಿತ್ತು. ದಿಣ್ಣೆ ಹತ್ತಿದರೆ ಬಿಳಿಜೋಳದ ತೆನೆ, ಇಳಿದರೆ ಸೀತಾಫಲದ ಪೊದೆ, ಆಚೆ ಮುತ್ತುಗದ ಅಡವಿ. ಎರಡನೇ ಮೈಲಿಗೆ ಹಣಮಯ್ಯನ ಮುಖದಲ್ಲಿ ನಗು ಕಂಡಿತು. ಸಂಬಳಕ್ಕಾಗಿ ಹದಿನಾಲ್ಕು ವರ್ಷ ಕಳ್ಳರ ಹಿಂದೆ ಓಡಿದ್ದ ಮನುಷ್ಯ, ಯಾರೂ ತಪ್ಪಿಸಿಕೊಳ್ಳದ ಓಟ ಇಷ್ಟು ಹಗುರವೆಂದು ಅವನಿಗೆ ಗೊತ್ತಿರಲಿಲ್ಲ.

ಮೂರನೇ ಮೈಲಿಯಲ್ಲಿ ದಾರಿಗೆ ಅಡ್ಡವಾಗಿ ಜಾಲಿಮುಳ್ಳು ಬಿದ್ದಿತ್ತು. ಹೊಲದ ಮಾಲೀಕ ಶಂಕ್ರೆಪ್ಪ ಬದುವಿನ ಮೇಲೇ ನಿಂತಿದ್ದ.

“ಮುಳ್ಳು ನೀವು ಹಚ್ಚೀರಿ?”

“ಹೌದ್ರಿ. ಹೊಲದಾಗ ಹಳಿ ಬಿದ್ರ ನಾ ಎಲ್ಲಿ ಬಿತ್ತಲಿ?”

“ಪುಸ್ತಕಾನೂ ನೀವೇ ತಗೊಂಡೀರಿ?”

“ಅಮೀನಸಾಬ್ರ, ನನಗ ಮುಳ್ಳು ಸಾಕಾಗಿತ್ತು. ದಿನಾ ಹಚ್ಚತೀನಿ, ದಿನಾ ಜಿಗೀತಾನ. ಇಂಥಾ ಕಾಲು ನಾ ನೋಡಿಲ್ಲ.” ದನಿಯಲ್ಲಿ ಸಿಟ್ಟಿಗಿಂತ ಮೆಚ್ಚುಗೆಯೇ ಹೆಚ್ಚಿತ್ತು.

ಅವನ ಮನೆ ಝಡತಿ ಮಾಡಿದರು. ಪುಸ್ತಕ ಸಿಗಲಿಲ್ಲ. ಆ ಮನೆಯ ರೊಟ್ಟಿಗಳು ಜೋಳದವು, ಅಂಚು ಸರಿಯಾಗಿದ್ದವು.

25ನೇ ತಾರೀಖು ಝರಾಸಂಗದ ಕಡೆಯ ದಾರಿ. ಇಲ್ಲಿ ಮುಳ್ಳಿರಲಿಲ್ಲ. ದಾರಿ ಗುಡಿಸಿತ್ತು, ಸಾರಿಸಿತ್ತು, ರಂಗೋಲಿ ಬಿದ್ದಿತ್ತು. ಸುಗಲಾಬಾಯಿ ಎಂಬ ಲಿಂಗವಂತರ ಗಟ್ಟಿ ಹೆಂಗಸು ತಂಬಿಗೆಯಲ್ಲಿ ಮಜ್ಜಿಗೆ ಹಿಡಿದು ನಿಂತಿದ್ದಳು. ಸಾಹೇಬರು ನಿಂತು ಕುಡಿದು, “ಚೊಲೋ ಐತಿ ಲೇ ಅವ್ವಾ,” ಅಂದರು.

“ಇದ್ಯಾಕ ಸುಗಲಾಬಾಯಿ ಇಷ್ಟು ಸೇವಾ?”

“ನಮ್ಮ ಹೊಲದ ಬಲ್ಲಿ ಸ್ಟೇಷನ್ ಆಗಲಿ ಅಂತ್ರಿ. ಎಳ್ಳು ಬೆಲ್ಲ ಹೈದರಾಬಾದಿಗೆ ಕಳಸಾಕ ಹಗೂರ ಆಗ್ತದ.”

“ಪುಸ್ತಕ?”

“ನನಗ್ಯಾಕ್ರಿ ಪುಸ್ತಕ? ಸಾಹೇಬನ ಕಾಲೇ ನನ್ನ ಹೊಲ ತುಳೀತಾವ. ನನ್ನ ಕೆಲಸ ಆತು.”

ಮುಂದೆ ಅರ್ಧ ಮೈಲಿಗೆ ಒಂದು ದೊಡ್ಡ ಆಲದ ಮರ. ಸಾಹೇಬರು ಅದನ್ನು ಸುತ್ತಿ ಹಿಂದಕ್ಕೆ ತಿರುಗಿದರು. ಮರದ ಆಚೆ ಸಣ್ಣ ಕಾಲುದಾರಿ ಇಳಿದು ಹೋಗಿತ್ತು. ಅದರ ಕೊನೆಗೆ ಹತ್ತು ಹನ್ನೆರಡು ಮನೆಯ ಮಾವಿನಗುಂಟೆ.

“ಅಲ್ಲಿಗೆ ಯಾಕ ಹೋಗೂದಿಲ್ಲ ನೀವು?”

“ದಾರಿ ಗೊತ್ತಿಲ್ಲ. ಬರ್ದಿಲ್ಲ.”

ಅಮೀನರು ಮರದ ನೆರಳಿನಲ್ಲಿ ತಟ್ಟು ನಿಲ್ಲಿಸಿದರು. ತಟ್ಟುವಿನ ಮೇಲೆ ಕೂತರೂ ಅದು ಕೂತಂತೆಯೇ, ಅವರ ಬುದ್ಧಿ ಕೆಲಸ ಮಾಡಿತು. ಮುಳ್ಳು ಹಚ್ಚುವವನಿಗೆ ಪುಸ್ತಕ ಬೇಡ. ಮಜ್ಜಿಗೆ ಕೊಡುವವಳಿಗೂ ಬೇಡ. ಲೈನು ಯಾರ ಊರ ಹತ್ತಿರ ಬಂದು ಬೆನ್ನು ತಿರುಗಿಸಿ ಹೋಗುತ್ತದೋ, ಪುಸ್ತಕ ಅವರಿಗೆ ಬೇಕು.

“ಹಣಮಯ್ಯಾ, ನಾಳೆ ಅಮಾಸಿ. ಮಾವಿನಗುಂಟ್ಯಾಗ ಎಲ್ಲಾರೂ ಹೊಲದಾಗ ಉಣ್ಣಾಕ ಕುಂತಿರತಾರ. ಮನಿ ಮನಿ ತಿರುಗೂ ಕೆಲಸ ಇಲ್ಲ. ರೊಟ್ಟಿ ನೋಡೂನು.”

26ನೇ ತಾರೀಖು, ಎಳ್ಳ ಅಮಾವಾಸ್ಯೆ. ಸಂಜೆ ನಾಲ್ಕಕ್ಕೆ ಸಾಹೇಬರ ಗಾಡಿ. ಮಂದಿ ಹತ್ತುವ ರೈಲು ಜಹೀರಾಬಾದಿಗೆ ಇನ್ನೂ ಬಂದಿರಲಿಲ್ಲ. ಕಲ್ಲುಕಂಕರು ತರುವ ಗಾಡಿ ಮಾತ್ರ ವಿಕಾರಾಬಾದಿನಿಂದ ಬಂದು ಹೋಗುತ್ತಿತ್ತು. ಅದರಲ್ಲಿ ಸರ್ಕಾರಿ ಕೆಲಸದವರನ್ನು ಬಿಟ್ಟು ಒಂದು ನರಪಿಳ್ಳೆಯೂ ಹತ್ತುವಂತಿಲ್ಲ ಎಂದು ಹುಕುಂ ಇತ್ತು.

ಬೆಳಿಗ್ಗೆ ಒಂಬತ್ತಕ್ಕೆ ಅಮೀನರು, ಮುನ್ಷಿ, ಇಬ್ಬರು ಜವಾನರು ಮಾವಿನಗುಂಟೆ ಮುಟ್ಟಿದರು. ಜೊತೆಗೆ ದಶರಥ, ಓಡಿಯೇ ಬಂದ ಸಾಹೇಬರು. ಊರಲ್ಲಿ ನಾಯಿಗಳೂ ಇರಲಿಲ್ಲ, ಅವೂ ಹೊಲಕ್ಕೆ ಹೋಗಿದ್ದವು. ಹೊಲ ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ, ಭೂಮಿತಾಯಿಗೆ ಪೂಜೆ ಮಾಡಿ, ಎಡೆಯ ಅಡುಗೆಯನ್ನು ಹೊಲದ ತುಂಬ ಚರಗ ಚೆಲ್ಲಿ, ಜನ ಉಣ್ಣಲು ಕೂತಿದ್ದರು. ಪೊಲೀಸರನ್ನು ಕಂಡು ಯಾರೂ ಏಳಲಿಲ್ಲ. ಅಂದು ಹೊಲಕ್ಕೆ ಬಂದವರು ಯಾರಾದರೂ ಉಂಡು ಹೋಗಬೇಕು, ಅಷ್ಟೆ.

ಭೀಮಶಾ ತನ್ನ ಸೇವಾವಧಿಯ ಅತಿ ಕಠಿಣ ತನಿಖೆಗೆ ಇಳಿದ. ಮೊದಲ ಹೊಲದಲ್ಲಿ ಎರಡು ರೊಟ್ಟಿ, ಭಜ್ಜಿ. ಅಂಚು ಇಡಿ. ಎರಡನೇ ಹೊಲದಲ್ಲಿ ಮೂರು ರೊಟ್ಟಿ, ಶೇಂಗಾ ಹೋಳಿಗೆ. ಅಂಚು ಇಡಿ. ಮೂರನೇ ಹೊಲದಲ್ಲಿ ಅಂಬಲಿ ಕುಡಿದು, ಬೆಲ್ಟು ಒಂದು ತೂತು ಸಡಿಲಿಸಿದ. ನಾಲ್ಕನೇ ಹೊಲ ಬಂಡಮ್ಮ ಎಂಬ ಮುದುಕಿಯದು. ಅವಳು ಎಲೆಯ ಮೇಲೆ ಸಜ್ಜೆ ರೊಟ್ಟಿ ಬಡಿಸಿದಳು. ಭೀಮಶಾನ ಕೈ ಗಾಳಿಯಲ್ಲೇ ನಿಂತಿತು.

“ಅಮೀನಸಾಬ್ರ, ಇಲ್ಲಿ ಬರ್ರಿ.”

ಬುಟ್ಟಿಯಲ್ಲಿ ಹದಿನಾರು ರೊಟ್ಟಿ ಇದ್ದವು. ಹದಿನಾರರ ಅಂಚಿನಲ್ಲೂ ಹೆಬ್ಬೆರಳಿನಷ್ಟು ಚೂರು ಇರಲಿಲ್ಲ.

ಅಮೀನರು ತಟ್ಟು ಇಳಿದು ಅವಳ ಎದುರು ನೆಲದ ಮೇಲೆ ಕೂತರು. “ಯವ್ವಾ, ರೊಟ್ಟಿ ಅಂಚು ಯಾಕ ಚಿವುಟೀರಿ?”

“ಅದು ಬಾಳಮ್ಮನ ಪಾಲು ರಿ. ನನ್ನ ಮಗಳು. ತಾಂಡೂರಿಗೆ ಕೊಟ್ಟೀನಿ, ಅಳಿಯ ಕಲ್ಲಿನ ಖಣಿದಾಗ ದುಡೀತಾನ. ಆಕಿ ಪಾಲು ತಗದು ಗುಬ್ಬಿಗೆ ಹಾಕಿ ನಾ ಉಣ್ಣತೀನಿ. ಮದುವಿ ಆದಾಗಿಂದ ಹಂಗೇ.”

“ನೋಡಿ ಎಷ್ಟು ದಿನ ಆತು?”

“ಎರಡು ವರ್ಷ ಆತರಿ. ಬಂಡಿ ಕಟ್ಟಿದ್ರ ಮೂರು ದಿನದ ದಾರಿ. ನನಗ ಎತ್ತಿಲ್ಲ, ಕಟ್ಟಿಕೊಂಡು ಹೋಗೋ ಗಂಡ್ಮಗ ಇಲ್ಲ. ಮೊಮ್ಮಗಳು ಹುಟ್ಟಿ ಒಂದೂವರಿ ವರ್ಷ ಆತು, ಮಾರಿ ನೋಡಿಲ್ಲ.”

“ಸಾಹೇಬರ ಪುಸ್ತಕ ಎಲ್ಲದ?”

ಬಂಡಮ್ಮ ಸುಳ್ಳು ಹೇಳಲಿಲ್ಲ. “ಮನ್ಯಾಗ ಬೀಜದ ಗಡಿಗ್ಯಾಗ ಇಟ್ಟೀನ್ರಿ. ಹುಳ ಹತ್ತಬಾರದಂತ ಬೇವಿನ ಎಲಿ ಹಾಕೀನಿ.”

“ಕದ್ದದ್ದು ತಪ್ಪಲ್ಲೇನು?”

“ಕದಿಯೋದ್ಯಾಕ್ರಿ, ರೊಟ್ಟಿ ಇಟ್ಟು ಬಂದೀನಲ್ಲ. ಒಂದಿನದ ಮಟ್ಟಿಗೆ ಬೇಕಿತ್ತು. ಹೊಳ್ಳಿ ಇಡಾಕ ಎರಡು ಮುಂಜಾನಿ ಬಂದೆ, ಬಾಗಲಾಗ ನಿಮ್ಮ ಈ ದೊಡ್ಡ ಹೊಟ್ಟಿ ಜವಾನ ಕುಂತಿದ್ದ. ಒಂದಿನ ಎಚ್ಚರಿದ್ದ. ಒಂದಿನ ಗೊರಕಿ ಹೊಡೀತಿದ್ದ, ಪಾಪ ಎಬ್ಬಿಸಬಾರದಂತ ಹೊಳ್ಳಿ ಬಂದೆ.”

ಭೀಮಶಾ ಬೆಲ್ಟಿನ ತೂತು ಎಣಿಸತೊಡಗಿದ.

“ನಿಮ್ಮ ಸಲುವಾಗಿ ಈ ಹುಡುಗ ಮೂರು ದಿನದಿಂದ ಕಳ್ಳ ಅನಿಸಿಕೊಂಡು ಠಾಣೇದಾಗ ಕುಂತಾನ,” ಎಂದು ಅಮೀನರು ದಶರಥನನ್ನು ತೋರಿಸಿದರು.

ಬಂಡಮ್ಮನ ಮುಖ ಒಣಗಿತು. ಇದು ಅವಳಿಗೆ ಗೊತ್ತಿರಲಿಲ್ಲ. ಎದ್ದು ದಶರಥನ ಹತ್ತಿರ ಹೋಗಿ, ಎರಡೂ ಕೈಯಿಂದ ಅವನ ಗದ್ದ ಹಿಡಿದಳು. “ತಪ್ಪಾತು ನನ್ನಪ್ಪ. ನನಗ ತಿಳಿದಿದ್ರ ಅವತ್ತೇ ಓಡಿ ಬರತಿದ್ದೆ.” ದಶರಥ ಕಣ್ಣು ಒರೆಸಿಕೊಂಡ.

ಪಂಚರ ಸಮಕ್ಷಮ ಗಡಿಗೆಯಿಂದ ಪುಸ್ತಕ ಜಪ್ತಿಯಾಯಿತು. ಸಾಹೇಬರು ಪುಟ ತಿರುಗಿಸಿದರು. ಅಕ್ಕನ ಹಸಿರು ಗುಡ್ಡಗಳು ಹಾಗೇ ಇದ್ದವು. ಕೊನೆಯ ಪುಟದಲ್ಲಿ, ಸಾಹೇಬರು ಬರೆದ ಆಲದ ಮರದ ಪುಟ್ಟ ಚಿತ್ರದಿಂದ ಒಂದು ಹೊಸ ಗೆರೆ ಹೊರಟಿತ್ತು. ಎಣ್ಣೆಯಲ್ಲಿ ಕಲಸಿದ ಕುಂಕುಮದ ಗೆರೆ. ಬೆರಳಿನಿಂದ ಎಳೆದದ್ದು, ನಡುಗಿದ್ದು, ಆದರೆ ಹಳ್ಳ ಎಲ್ಲಿ ದಾಟಬೇಕೋ ಅಲ್ಲೇ ದಾಟಿತ್ತು. ಕೊನೆಗೆ ಒಂದು ದುಂಡು ಬೊಟ್ಟು.

“ಇದೇನು?” ಅಂದರು ಅಮೀನರು.

“ಸ್ಟೇಷನ್ ರಿ,” ಅಂದಳು ಬಂಡಮ್ಮ. “ಸಾಹೇಬ ಆಲದ ಗಿಡದ ತನಕ ಬಂದು ತಿರುಗಿಬಿಡ್ತಿದ್ದ. ದಾರಿ ಗೊತ್ತಿರಲಿಕ್ಕಿಲ್ಲ ಅಂತ ನಾನೇ ಬರೆದೆ. ಪುಸ್ತಕದಾಗ ಇದ್ರ ಓಡಿ ಬರತಾನ, ಓಡಿ ಬಂದ್ರ ಹಳಿ ಬೀಳ್ತದ, ಹಳಿ ಬಿದ್ರ ನಾ ತಾಂಡೂರಿಗೆ ಹೋಗಬಹುದು.”

ಸಾಹೇಬರಿಗೆ ಪೂರ್ತಿ ತಿಳಿಯಲಿಲ್ಲ, ದಶರಥ ನಿಧಾನವಾಗಿ ತಿಳಿಸಿ ಹೇಳಿದ. ಸಾಹೇಬರು ಪುಸ್ತಕವನ್ನು ಅವನ ಕೈಗಿಟ್ಟರು. ಆಮೇಲೆ ಬೂಟಿನ ದಾರ ಬಿಗಿದರು, ಆಲದ ಮರದವರೆಗೆ ನಡೆದರು, ಅಲ್ಲಿಂದ ತಿರುಗಿ ಓಡಿದರು. ಇಳಿಜಾರು ಇಳಿದು, ಹಳ್ಳ ಹಾರಿ, ಕಡಲೆಯ ಬದುವಿನ ಮೇಲೆ, ಕುಂಕುಮದ ಗೆರೆ ಹೇಗಿತ್ತೋ ಹಾಗೇ ಓಡಿಬಂದರು. ಹೊಲ ಹೊಲದಿಂದ ಜನ ಎದ್ದು ನಿಂತರು. ಮಕ್ಕಳು ಹಿಂದೆ ಓಡಿದರು, ನಾಯಿಗಳು ಓಡಿದವು, ಹಣಮಯ್ಯ ಯಾರೂ ಹೇಳದಿದ್ದರೂ ಓಡಿದ. ಸಾಹೇಬರು ಬಂಡಮ್ಮನ ಕೊಂಪೆಯ ಮುಂದೆ ನಿಂತು ಏದುಸಿರು ಬಿಡುತ್ತ ಹೇಳಿದರು, “ಚೊಲೋ ದಾರಿ ಲೇ ಅವ್ವಾ. ಭಾಳ ಚೊಲೋ.”

“ನನ್ನ ತಮ್ಮನ ಹಂಗ ಮಾತಾಡ್ತಾನ,” ಅಂದು ಬಂಡಮ್ಮ ನಕ್ಕಳು. ಆಮೇಲೆ ಅಮೀನರ ಕಡೆ ತಿರುಗಿದಳು. “ಇನ್ನ ಹಳಿ ಬೀಳ್ತದಲ್ರಿ?”

ಎಲ್ಲರೂ ಅಮೀನರ ಮುಖ ನೋಡಿದರು. ಸುಳ್ಳು ಹೇಳುವುದು ಸುಲಭವಿತ್ತು.

“ಇಲ್ಲ ಯವ್ವಾ. ಅದು ಹಳಿ ನಕ್ಷಿ ಅಲ್ಲ. ಸಾಹೇಬ್ರು ಸುಮ್ಮ ಓಡ್ತಾರ. ರೈಲು ಜಹೀರಾಬಾದಿಗಷ್ಟೇ ಬರೂದು. ಮಂದಿ ಹತ್ತೋ ಗಾಡಿ ಅಲ್ಲಿಗೂ ಯಾವಾಗ ಬರ್ತದೋ, ನನಗ ಗೊತ್ತಿಲ್ಲ.”

ಬಂಡಮ್ಮ ಕೂತಳು. ಸೆರಗಿನಿಂದ ಬುಟ್ಟಿಯ ರೊಟ್ಟಿ ಮುಚ್ಚಿದಳು, ಮತ್ತೆ ತೆಗೆದಳು, ಮತ್ತೆ ಮುಚ್ಚಿದಳು. ಅಮೀನರಿಗೆ ಅದನ್ನು ನೋಡಲಾಗಲಿಲ್ಲ. ಅವರು ಎದ್ದು, ಧೂಳು ಕೊಡವಿ, ಟೋಪಿ ಸರಿಮಾಡಿಕೊಂಡು, ಸರ್ಕಾರಿ ದನಿ ತೆಗೆದರು.

“ಬಂಡಮ್ಮಾ, ಕಳುವಿನ ಆರೋಪದ ಮ್ಯಾಲ ನಿಮ್ಮನ್ನ ಗಿರಫ್ತಾರ ಮಾಡೀನಿ. ವ್ಯಾಳ್ಯಾ ಹನ್ನೊಂದು ಹತ್ತು. ಮುನ್ಷಿ, ಬರಕೋ.”

ಹೊಲದಲ್ಲಿ ಗುಜುಗುಜು ಎದ್ದಿತು. “ಬ್ಯಾಡ ಲೇ ಅಮೀನ, ಬ್ಯಾಡ,” ಅಂದರು ಸಾಹೇಬರು ಗಾಬರಿಯಿಂದ. ಪುಸ್ತಕ ಸಿಕ್ಕಿತು, ಫಿರ್ಯಾದಿ ಈಗಲೇ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ದಶರಥನಿಂದ ಹೇಳಿಸಿದರು.

“ಇಲ್ಲಿ ತಗೊಳಾಕ ಬರೂದಿಲ್ಲ ಸಾಹೇಬ್ರ,” ಅಂದರು ಅಮೀನರು. “ರಾಜಿ ಪತ್ರಕ್ಕ ಆರೋಪಿ ಸಮಕ್ಷಮ ನಿಮ್ಮ ಸಹಿ ಬೇಕು. ಸಹಿಗೆ ಕಾಗದ ಬೇಕು. ನಮ್ಮ ಠಾಣೇದಾಗ ಛಾಪಾ ಕಾಗದ ಮುಗದದ. ವಿಕಾರಾಬಾದಿನಾಗ ಸಿಗ್ತದ. ನೀವು ನಾಕರ ಗಾಡಿಗೆ ಹೊಂಟೀರಿ. ಆರೋಪಿನೂ ಅದೇ ಗಾಡಿಗೆ ಬರಬೇಕಾಗ್ತದ. ಸರ್ಕಾರಿ ಕೆಲಸ, ಯಾರೂ ತಡಿಯಾಂಗಿಲ್ಲ.”

ಮುನ್ಷಿಯ ಚೀಲದಲ್ಲಿ ಛಾಪಾ ಕಾಗದದ ಕಟ್ಟು ಇತ್ತು. ಅವನು ಚೀಲದ ಬಾಯಿ ಮೆಲ್ಲಗೆ ಮುಚ್ಚಿದ.

“ವಿಕಾರಾಬಾದಿನಿಂದ ತಾಂಡೂರಿಗೆ ಮಂದಿ ಗಾಡಿ ಅದ,” ಎಂದು ಅಮೀನರು ಯಾರಿಗೂ ಅಲ್ಲದ ಹಾಗೆ ಹೇಳಿದರು. “ಬಿಡುಗಡೆ ಆದ ಆರೋಪಿ ಎಲ್ಲಿಗೆ ಹೋಗ್ತಾಳ, ಅದು ಪೊಲೀಸರ ಕೆಲಸ ಅಲ್ಲ. ದಶರಥ ನೌಕರಿಗೆ ತಾಂಡೂರಿಗೇ ಹೊಂಟಾನ. ಯವ್ವಾ, ಎರಡು ಸೀರಿ ಗಂಟು ಕಟ್ಟಿಕೋರಿ.”

ಬಂಡಮ್ಮ ಅವರನ್ನೇ ನೋಡುತ್ತಿದ್ದಳು. “ಎಷ್ಟು ದಿನದ ಶಿಕ್ಷಾ ರಿ?”

“ಅದು ನಿಮ್ಮ ಮಗಳಿಗೆ ಬಿಟ್ಟದ್ದು.”

ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದ ಮೇಲೆ ಆ ಮುದುಕಿ ಗಂಟು ಕಟ್ಟಲು ಮನೆಗೆ ಹೋದದ್ದು ನಡಿಗೆಯಲ್ಲಲ್ಲ. ಅರವತ್ತರ ಆಸುಪಾಸಿನ ಬಂಡಮ್ಮ ಸೀರೆಯ ನಿರಿಗೆ ಎತ್ತಿ ಹಿಡಿದು ಹೊಲದ ಬದುವಿನ ಮೇಲೆ ಓಡಿದಳು.

ನಾಲ್ಕಕ್ಕೆ ಗಾಡಿ ಹೊರಟಿತು. ದಶರಥನ ಅಂಗಿಯ ಒಳಜೇಬಿನಲ್ಲಿ ಸಾಹೇಬರ ಸಹಿಯ ಚಿಠ್ಠಿ ಇತ್ತು. ಅದನ್ನು ಬರೆದುಕೊಟ್ಟವನು ಕಲ್ಯಾಣಪ್ಪನೇ. ಅಮೀನರು ಪಕ್ಕದಲ್ಲಿ ನಿಂತು ಒಂದೊಂದು ಅಕ್ಷರ ಓದಿಸಿ, ಗೊತ್ತಿಲ್ಲದ ಮಾತನ್ನು ಊಹೆ ಮಾಡಬಾರದೆಂದು ತಾಕೀತು ಮಾಡಿದ್ದರು. ಆರೋಪಿ ಕಂಕರು ಗಾಡಿಯ ಕೊನೆಯ ಡಬ್ಬಿಯಲ್ಲಿ ಸಾಹೇಬರ ಪೆಟ್ಟಿಗೆಯ ಮೇಲೆ ಕೂತಿದ್ದಳು, ಮಡಿಲಲ್ಲಿ ರೊಟ್ಟಿ ಬುಟ್ಟಿ. ಬೆಂಗಾವಲಿಗೆ ಜವಾನ ಭೀಮಶಾ. ಹಳಿಯ ಪಕ್ಕದಲ್ಲಿ ಹಣಮಯ್ಯ ಗಾಡಿಯ ಜೊತೆ ಸ್ವಲ್ಪ ದೂರ ಓಡಿದ, ಸುಮ್ಮನೆ.

ಅಮೀನರು ಠಾಣೆಗೆ ಬಂದು ಕೇಸ್ ಡೈರಿ ತೆರೆದರು. ಕೊನೆಯ ಕಾಲಂ, ಗುನ್ಹೆಯ ಕಾರಣ. ಅಲ್ಲಿ ಸಾಮಾನ್ಯವಾಗಿ ಅವರು ದುರಾಸೆ, ಹಗೆ, ಕುಡಿತ, ಈ ಮೂರರಲ್ಲಿ ಒಂದು ಬರೆಯುತ್ತಿದ್ದರು. ಅಂದು ಬರೆದರು: ‘ಆರೋಪಿಗೆ ತನ್ನ ಮಗಳನ್ನು ನೋಡಬೇಕಾಗಿತ್ತು. ದಾರಿ ಇರಲಿಲ್ಲ. ಬರೆದುಕೊಂಡಳು.’

ಮಾವಿನಗುಂಟೆಗೆ ಇವತ್ತಿಗೂ ರೈಲು ಬಂದಿಲ್ಲ. ಆದರೆ ಇಂಗ್ಲೆಂಡಿನ ಯಾವುದೋ ಹಸಿರು ಗುಡ್ಡದ ಊರಿನಲ್ಲಿ, ಒಂದು ಪುಸ್ತಕದ ಕೊನೆಯ ಪುಟದಲ್ಲಿ, ಅದಕ್ಕೆ ಕೆಂಪು ಸ್ಟೇಷನ್ ಇದೆ.

27ನೇ ತಾರೀಖು ಸಂಜೆ ಭೀಮಶಾ ಮರಳಿ ಬಂದು ವರದಿ ಒಪ್ಪಿಸಿದ. ರಾಜಿ ಪತ್ರ ವಿಕಾರಾಬಾದಿನಲ್ಲಿ ಆಯಿತು. ಆರೋಪಿಯನ್ನು ದಶರಥ ತಾಂಡೂರಿನಲ್ಲಿ ಮಗಳ ಮನೆಗೆ ಮುಟ್ಟಿಸಿದ. ಕರ್ತವ್ಯಲೋಪ ಆಗಬಾರದೆಂದು ತಾನೂ ಜೊತೆಗೆ ಹೋಗಿ, ಅಲ್ಲೇ ಉಂಡು ಬಂದಿದ್ದ.

“ರೊಟ್ಟಿ ಯಾರು ಮಾಡಿದ್ರು?” ಎಂದು ಕೇಳಿದರು ಅಮೀನರು.

“ಬಂಡಮ್ಮನೇ ಮಾಡಿದಳ್ರಿ. ಮೊಮ್ಮಗಳನ್ನ ತೊಡಿ ಮ್ಯಾಲ ಕೂಡಿಸಿಕೊಂಡು.”

“ನೋಡೀಯೇನು?”

“ಸರಿಯಾಗಿ ನೋಡೀನ್ರಿ,” ಅಂದ ಭೀಮಶಾ. “ಒಂಬತ್ತು ರೊಟ್ಟಿ. ಒಂಬತ್ತೂ ಇಡಿ ಇದ್ವು.”